ಮುಸ್ಲಿ ಹೂಗಳಲ್ಲಿ ಸ್ವಪರಾಗ ನಿರಾಕರಣೆ: ಬೀಜ ಕಟ್ಟದಿದ್ದರೆ ಕಾರಣ ಹುಡುಕುವ ಬಗೆ

ಮಳೆಗಾಲದಲ್ಲಿ ಪುಣೆಯ ಸಂತೆಗೆ ಹೋಗುವ ನಮ್ಮವರು ಫೋಡ್ಶಿ ಸೊಪ್ಪು ಕಂಡಿರುತ್ತಾರೆ. ಅದು ಔಷಧಿಗೆ ಬಳಸುವ ಗೆಡ್ಡೆ ಸಫೇದ್ ಮುಸ್ಲಿಯ ಕುಲದ್ದು. ಮುಂಬೈಯ ಬೋರಿವಲಿಯ ಹೆಸರು ಹೊತ್ತ ಕ್ಲೋರೋಫೈಟಮ್ ಬೋರಿವಿಲಿಯಾನಮ್ ಮತ್ತು ಅದರ ನೆಂಟ ಕ್ಲೋರೋಫೈಟಮ್ ಟ್ಯೂಬರೋಸಮ್ ನಡುವೆ ಸಂಕರಣ ಆಗುತ್ತದೆಯೇ, ಗಿಡ ತನ್ನ ಪರಾಗವನ್ನು ತಾನೇ ತಳ್ಳುತ್ತದೆಯೇ ಎಂದು ನೋಡಲು ನಾನು ಅನುಸರಿಸುವ ಕ್ರಮ ಇದು.

ಕಾಡಿನಿಂದ ಗೆಡ್ಡೆ ತರಲು ಅರಣ್ಯ ಇಲಾಖೆಯ ಅನುಮತಿ ಬೇಕು. ಅಕ್ಕಪಕ್ಕದ ಗಿಡಗಳನ್ನು ಆರಿಸಬೇಡಿ. ಒಂದೇ ಬುಡದಿಂದ ಒಡೆದವು ಒಂದೇ ಗಿಡವಿದ್ದಂತೆ. ಅವುಗಳ ನಡುವಿನ 'ಪರಕೀಯ' ಪರಾಗಸ್ಪರ್ಶವೂ ವಾಸ್ತವದಲ್ಲಿ ಸ್ವಕೀಯವೇ. ಒಡಹುಟ್ಟಿದ ಗಿಡಗಳೂ ಒಂದೇ ಎಸ್-ಆಲೀಲ್‌ಗಳನ್ನು (ತನ್ನ ಪರಾಗವನ್ನು ಗುರುತಿಸಿ ತಳ್ಳುವ ಜೀನ್‌ನ ರೂಪಗಳನ್ನು) ಹಂಚಿಕೊಂಡಿದ್ದರೆ ಪರಸ್ಪರ ಒಗ್ಗುವುದಿಲ್ಲ.

ಹೂವಿನ ಆಯುಸ್ಸು ಒಂದೇ ದಿನ. ಹಿಂದಿನ ಸಂಜೆ, ನಾಳೆ ಅರಳಲಿರುವ ಉಬ್ಬಿದ ಮೊಗ್ಗನ್ನು ಬಿಡಿಸಿ ಆರೂ ಪರಾಗಕೋಶಗಳನ್ನು ಸಣ್ಣ ಚಿಮಟದಿಂದ ತೆಗೆಯುತ್ತೇನೆ. ಕೋಶ ಒಡೆದಿದ್ದರೆ ಆ ಹೂವನ್ನು ಬಿಟ್ಟುಬಿಡಬೇಕು. ಪ್ರತಿ ಹೂವಿನ ನಂತರ ಚಿಮಟವನ್ನು 70% ಆಲ್ಕೋಹಾಲ್‌ನಲ್ಲಿ ಅದ್ದಿ ಒಣಗಿಸಬೇಕು. ಬಟರ್ ಪೇಪರ್ ಚೀಲ ನಮ್ಮ ಮಳೆಗೆ ನೆಂದು ಶಲಾಕೆಗೆ (ಅಂಡಾಶಯದ ಮೇಲಿನ ಕಡ್ಡಿಗೆ) ಅಂಟುತ್ತದೆ, ಹಾಗಾಗಿ ನೈಲಾನ್ ಬಲೆ. ಆದರೆ ಥ್ರಿಪ್ಸ್ ಎಂಬ ಸಣ್ಣ ಕೀಟಗಳು ಅದರೊಳಗೂ ನುಸುಳುತ್ತವೆ. ಕುಂಡಗಳು ಸೂರಿನಡಿ ಇರಲಿ. ನೀರು ತಾಗಿದ ಪರಾಗ ಒಡೆದುಹೋಗುತ್ತದೆ.

ಮರುದಿನ ಬೆಳಿಗ್ಗೆ ಹೂವರಳಿದ ಕೂಡಲೇ ಪರಾಗ ಹಚ್ಚುತ್ತೇನೆ. ಪ್ರತಿ ಗಿಡದಲ್ಲೂ ಕೆಲವು ಹೂಗಳಿಗೆ ತನ್ನದೇ ಪರಾಗ, ಕೆಲವಕ್ಕೆ ದೂರದ ಅದೇ ಪ್ರಭೇದದ್ದು, ಕೆಲವಕ್ಕೆ ಬೇರೆ ಪ್ರಭೇದದ್ದು. ಇನ್ನು ಕೆಲವು ಹೂಗಳ ಪರಾಗಕೋಶ ತೆಗೆದು ಏನೂ ಹಚ್ಚದೆ ಚೀಲ ಕಟ್ಟಿಡಬೇಕು. ಬಹಳ ಜನ ಬಿಟ್ಟುಬಿಡುವುದು ಇದನ್ನೇ. ಇಲ್ಲಿ ಬೀಜ ಬಂದರೆ ಥ್ರಿಪ್ಸ್ ನುಸುಳಿದೆ, ಕೆಲಸ ಒರಟಾಗಿದೆ ಅಥವಾ ನಿಷೇಚನವಿಲ್ಲದೆಯೇ ಬೀಜ ಕಟ್ಟುತ್ತಿದೆ. ಉಳಿದ ಲೆಕ್ಕವೆಲ್ಲ ಅನುಮಾನಕ್ಕೆ ಬೀಳುತ್ತದೆ.

ಸ್ವಕೀಯದ ಸರಾಸರಿ ಬೀಜಗಳನ್ನು ಪರಕೀಯದ ಸರಾಸರಿಯಿಂದ ಭಾಗಿಸಿ. ಕಾಯಿಯಾಗದೆ ಉದುರಿದ ಹೂವೂ ಸೊನ್ನೆಯಾಗಿ ಲೆಕ್ಕಕ್ಕೆ ಬರಬೇಕು. 0.2ಕ್ಕಿಂತ ಕಡಿಮೆ ಬಂದರೆ ಗಿಡ ಬಹುತೇಕ ಸ್ವಪರಾಗ ನಿರಾಕರಿಸುವಂಥದ್ದು. ಆದರೆ ಆರಂಭದ ಒಳಸಂತಾನ ದೌರ್ಬಲ್ಯದಿಂದ (ಸ್ವಕೀಯ ಸಂತಾನ ಬಲಹೀನವಾಗುವುದರಿಂದ) ಭ್ರೂಣ ಸತ್ತರೂ ಅಂಕಿ ಇಷ್ಟೇ ಇಳಿಯುತ್ತದೆ. ಆದ್ದರಿಂದ ಶಲಾಕೆಯ ಒಳಗೇ ಇಣುಕಬೇಕು.

ಪರಾಗ ಹಚ್ಚಿದ 6, 12, 24 ಗಂಟೆಗಳಲ್ಲಿ ಕೆಲವು ಹೂಗಳನ್ನು ಕಿತ್ತು, 3:1 ಎಥನಾಲ್–ಅಸಿಟಿಕ್ ಆಮ್ಲದಲ್ಲಿ ಒಂದು ದಿನ ಇಡಿ. 1 ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡ್‌ನಲ್ಲಿ 60 ಡಿಗ್ರಿಯಲ್ಲಿ ಮೆತ್ತಗಾಗಿಸಿ, ಚೆನ್ನಾಗಿ ತೊಳೆದು, 0.1 ಮೋಲಾರ್ ಟ್ರೈಪೊಟ್ಯಾಸಿಯಂ ಫಾಸ್ಫೇಟ್‌ನಲ್ಲಿ ಕರಗಿಸಿದ 0.1% ಅನಿಲಿನ್ ಬ್ಲೂನಲ್ಲಿ ಬಣ್ಣ ಹಿಡಿಸಿ. ಕ್ಷಾರ ಉಳಿದರೆ ಅಂಗಾಂಶ ಕರಗಿಹೋಗುತ್ತದೆ. ನೇರಳಾತೀತ ಬೆಳಕಿನಲ್ಲಿ ಪರಾಗನಾಳದ ಗೋಡೆಯಲ್ಲಿರುವ ಕ್ಯಾಲೋಸ್ ಹಳದಿ-ಹಸಿರಾಗಿ ಹೊಳೆಯುತ್ತದೆ. ನಾಳ ಶಲಾಕಾಗ್ರದಲ್ಲೇ (ಪರಾಗ ಕೂರುವ ತುದಿಯಲ್ಲೇ) ನಿಂತರೆ ಒಂದು ಬಗೆಯ ತಡೆ, ಶಲಾಕೆಯ ನಡುವೆ ನಿಂತರೆ ಇನ್ನೊಂದು. ಅಂಡಕ (ಬೀಜವಾಗಬೇಕಾದ ಭಾಗ) ತಲುಪಿಯೂ ಬೀಜವಾಗದಿದ್ದರೆ ತೀರ್ಮಾನಕ್ಕೆ ಅವಸರ ಬೇಡ.

ಅಂತರಪ್ರಭೇದ ಸಂಕರಣವನ್ನು ಎರಡೂ ದಿಕ್ಕಿನಲ್ಲಿ ಮಾಡಿ. ಸ್ವಪರಾಗ ನಿರಾಕರಿಸುವ ಗಿಡ ತಾಯಿಯಾದಾಗ, ಸ್ವಪರಾಗ ಒಪ್ಪುವ ಪ್ರಭೇದದ ಪರಾಗವನ್ನೂ ಅದು ಹಲವು ಬಾರಿ ತಡೆಯುತ್ತದೆ. ತಿರುಗಿಸಿದರೆ ಬೀಜ ಬರಬಹುದು. ಹುಟ್ಟಿದ ಗಿಡ ಮಧ್ಯಂತರವಾಗಿ ಕಂಡರೆ ಸಾಲದು. ಅಸಿಟೋಕಾರ್ಮೈನ್ ಬಣ್ಣದಲ್ಲಿ ಕನಿಷ್ಠ 300 ಪರಾಗಕಣ ಎಣಿಸಿ ಎಷ್ಟು ಬಣ್ಣ ಹಿಡಿಯದೆ ಬರಿದಾಗಿವೆ ಎಂದು ನೋಡಬೇಕು, ಜೊತೆಗೆ ಡಿಎನ್‌ಎ ಗುರುತುಗಳಿಂದ ಎರಡೂ ಪೋಷಕರನ್ನು ಖಚಿತಪಡಿಸಿಕೊಳ್ಳಬೇಕು. ಸಂಕರ ಗಿಡಗಳು ಕುಂಡದಲ್ಲೇ ಇರಲಿ, ಬೆಟ್ಟಕ್ಕೆ ಮರಳಿ ನೆಡಬೇಡಿ.