ವಿಭಾಗದ ಖಾತೆಗೆ ಎರಡನೇ ಬೀಗ: ಕೀಲಿಕೈ ಯಾರ ಬಳಿ ಇರಬೇಕು?

ವಿಶ್ವವಿದ್ಯಾಲಯದ ಯಾವುದಾದರೂ ವಿಭಾಗದ ಕಚೇರಿಗೆ ಹೋಗಿ, ‘ವಿಭಾಗದ ಇಮೇಲ್ ಖಾತೆಯ ಪಾಸ್‌ವರ್ಡ್ ಯಾರಿಗೆಲ್ಲ ಗೊತ್ತು?’ ಎಂದು ಕೇಳಿ ನೋಡಿ. ಮುಖ್ಯಸ್ಥರಿಗೆ ಗೊತ್ತು. ಕಚೇರಿ ಸಹಾಯಕರಿಗೆ ಗೊತ್ತು. ಹಿಂದಿನ ವರ್ಷ ವಿಚಾರ ಸಂಕಿರಣದ ನೋಂದಣಿ ನೋಡಿಕೊಂಡ ಸಂಶೋಧನಾ ವಿದ್ಯಾರ್ಥಿಗೆ ಗೊತ್ತು. ಕೆಲಸ ಬಿಟ್ಟು ಎಷ್ಟೋ ಕಾಲವಾದ ಅತಿಥಿ ಉಪನ್ಯಾಸಕರಿಗೂ ಗೊತ್ತಿರುತ್ತದೆ. ಖಾತೆಯ ಒಳಗಿರುವುದಾದರೂ ಏನು? ವಿದ್ಯಾರ್ಥಿಗಳ ಅಂಕಗಳು, ಪ್ರಶ್ನೆಪತ್ರಿಕೆಯ ಕರಡು, ಮಹಾಪ್ರಬಂಧದ ಮೌಲ್ಯಮಾಪಕರು ಗೋಪ್ಯವಾಗಿ ಬರೆದ ವರದಿ. ಇಷ್ಟನ್ನೆಲ್ಲ ಒಂದೇ ಒಂದು ಪದದ ಭರವಸೆಯ ಮೇಲೆ ಬಿಟ್ಟಿದ್ದೇವೆ.

ಆ ಭರವಸೆ ಮೊದಲಿನಿಂದಲೂ ದುರ್ಬಲವೇ. ಕಂಪ್ಯೂಟರ್ ಪಾಸ್‌ವರ್ಡ್ ಮೊದಮೊದಲು ಬಳಕೆಗೆ ಬಂದ ಜಾಗಗಳಲ್ಲಿ ವಿಶ್ವವಿದ್ಯಾಲಯವೂ ಒಂದು. 1960ರ ದಶಕದ ಆರಂಭದಲ್ಲಿ ಅಮೆರಿಕದ ಎಂಐಟಿಯಲ್ಲಿ ಹಲವರು ಒಂದೇ ಯಂತ್ರವನ್ನು ಹಂಚಿಕೊಂಡು ಬಳಸುವ ಸಿಟಿಎಸ್ಎಸ್ ಎಂಬ ವ್ಯವಸ್ಥೆ ಇತ್ತು. ಒಬ್ಬರ ಕಡತ ಇನ್ನೊಬ್ಬರಿಗೆ ಕಾಣದಿರಲಿ ಎಂದು ಪ್ರತಿಯೊಬ್ಬರಿಗೂ ಪಾಸ್‌ವರ್ಡ್ ಕೊಟ್ಟಿದ್ದರು. 1962ರಲ್ಲಿ ಅಲ್ಲಿನ ಸಂಶೋಧಕ ಅಲನ್ ಶೆರ್, ತಮಗೆ ಗೊತ್ತುಮಾಡಿದ್ದ ಯಂತ್ರದ ಸಮಯ ಸಾಲದೆ, ಪಾಸ್‌ವರ್ಡ್‌ಗಳ ಕಡತವನ್ನೇ ಮುದ್ರಿಸಿಕೊಡುವಂತೆ ಯಂತ್ರಕ್ಕೆ ಕೋರಿಕೆ ಸಲ್ಲಿಸಿದರು. ಇಡೀ ಪಟ್ಟಿ ಅವರ ಕೈಗೆ ಬಂತು.

ಹೀಗಾಗಿ ಎರಡನೇ ಬೀಗ ಬೇಕು. ಇದನ್ನು ಬಹು ಹಂತದ ದೃಢೀಕರಣ ಎನ್ನುತ್ತಾರೆ. ಮನಸ್ಸಿನಲ್ಲಿರುವುದು, ಕೈಯಲ್ಲಿರುವುದು, ಮೈಯಲ್ಲಿರುವುದು ಎಂದು ಪುರಾವೆಗಳು ಮೂರು ಬಗೆ: ಪಾಸ್‌ವರ್ಡ್, ಫೋನ್ ಅಥವಾ ಸೆಕ್ಯುರಿಟಿ ಕೀ, ಬೆರಳಚ್ಚು ಅಥವಾ ಮುಖ. ಇವುಗಳಲ್ಲಿ ಎರಡು ಬೇರೆ ಬೇರೆ ಬಗೆಯವನ್ನು ಕೇಳಿದರೆ ಮಾತ್ರ ಅದು ನಿಜವಾದ ಎರಡನೇ ಬೀಗ. ಪಾಸ್‌ವರ್ಡ್ ಜೊತೆಗೆ ‘ನಿಮ್ಮ ಮೊದಲ ಶಾಲೆ ಯಾವುದು’ ಎಂಬ ಪ್ರಶ್ನೆ ಕೇಳಿದರೆ ಅದು ಎರಡನೇ ಬೀಗವಾಗುವುದಿಲ್ಲ.

ಎಲ್ಲಕ್ಕಿಂತ ಮೊದಲು

ಸ್ವಂತ ಖಾತೆಗೆ ಇದನ್ನು ಅಳವಡಿಸಿಕೊಳ್ಳಲು ಹತ್ತು ನಿಮಿಷ ಸಾಕು. ವಿಭಾಗದ ಖಾತೆಯ ವಿಷಯದಲ್ಲಿ ಮಾತ್ರ ಹತ್ತು ನಿಮಿಷದ ಅವಸರ ಮುಂದೆ ದೊಡ್ಡ ತೊಂದರೆ ತರುತ್ತದೆ. ನಾನು ಹತ್ತಿರದಿಂದ ಬಲ್ಲ ಒಂದು ವಿಭಾಗದಲ್ಲಿ ಮುಖ್ಯಸ್ಥರು ಒಳ್ಳೆಯ ಉದ್ದೇಶದಿಂದಲೇ ತಮ್ಮ ಮೊಬೈಲ್ ಸಂಖ್ಯೆ ಕೊಟ್ಟು ಎರಡನೇ ಹಂತವನ್ನು ಚಾಲೂ ಮಾಡಿದ್ದರು. ಅವಧಿ ಮುಗಿಯಿತು, ಬೇರೆಯವರು ಬಂದರು; ಕಚೇರಿಯ ಕಂಪ್ಯೂಟರಿನಲ್ಲಿ ಖಾತೆ ತೆರೆದೇ ಇದ್ದುದರಿಂದ ಯಾರಿಗೂ ಇದು ನೆನಪಾಗಲಿಲ್ಲ. ಪ್ರವೇಶ ಅರ್ಜಿಗಳ ಕೊನೆಯ ದಿನ ಆ ಕಂಪ್ಯೂಟರ್ ಕೆಟ್ಟಿತು. ಇನ್ನೊಂದರಿಂದ ಲಾಗಿನ್ ಆಗಲು ಹೋದರೆ ಕೋಡ್ ಹೋಗಿ ಸೇರಿದ್ದು ವಿಮಾನದಲ್ಲಿ ಕುಳಿತಿದ್ದ ಹಿಂದಿನ ಮುಖ್ಯಸ್ಥರ ಫೋನಿಗೆ. ಆ ಫೋನು ಸ್ವಿಚ್ ಆಫ್. ಅಂದು ಸಂಜೆಯವರೆಗೆ ಕಚೇರಿ ಸಹಾಯಕಿ ದೂರವಾಣಿಯ ಮುಂದೆ ಕುಳಿತು ಒಬ್ಬೊಬ್ಬ ಅಭ್ಯರ್ಥಿಗೂ ಸಮಾಧಾನ ಹೇಳಬೇಕಾಯಿತು. ಕಳ್ಳರನ್ನು ಹೊರಗಿಡಲು ಹಾಕಿದ ಬೀಗ ಮನೆಯವರನ್ನೇ ಹೊರಗಿಟ್ಟಿತು.

ಆದ್ದರಿಂದ ಫೋನ್ ಕೈಗೆತ್ತಿಕೊಳ್ಳುವ ಮೊದಲು ಒಂದು ಪ್ರಶ್ನೆ: ಈ ಖಾತೆಗೆ ಯಾರಾದರೂ ನೇರವಾಗಿ ಲಾಗಿನ್ ಆಗಲೇಬೇಕೇ? ಬಹಳ ಸಲ ಬೇಕಿಲ್ಲ. ಮೈಕ್ರೋಸಾಫ್ಟ್ 365ರಲ್ಲಿ ಹಂಚಿಕೆಯ ಅಂಚೆಪೆಟ್ಟಿಗೆ ಎಂಬ ಅನುಕೂಲವಿದೆ; ಜಿಮೇಲ್‌ನಲ್ಲಿ ಒಂದು ಖಾತೆಯ ಅಂಚೆ ನೋಡುವ ಅಧಿಕಾರವನ್ನು ಇನ್ನೊಂದು ಖಾತೆಗೆ ವಹಿಸಿಕೊಡಬಹುದು. ಪ್ರತಿಯೊಬ್ಬರೂ ತಮ್ಮ ಸ್ವಂತ ವಿಶ್ವವಿದ್ಯಾಲಯ ಖಾತೆಯಿಂದ, ತಮ್ಮದೇ ಎರಡನೇ ಹಂತ ದಾಟಿ ಒಳಗೆ ಬರುತ್ತಾರೆ. ವಿಭಾಗದ ಅಂಚೆ ಅಲ್ಲೇ ತೆರೆದುಕೊಳ್ಳುತ್ತದೆ. ಯಾರಾದರೂ ಕೆಲಸ ಬಿಟ್ಟರೆ ಪಟ್ಟಿಯಿಂದ ಅವರ ಹೆಸರು ತೆಗೆದರಾಯಿತು. ಹಂಚಿಕೊಳ್ಳುವ ಪಾಸ್‌ವರ್ಡೇ ಇರುವುದಿಲ್ಲ. ನಿಮ್ಮ ಕಂಪ್ಯೂಟರ್ ಕೇಂದ್ರದವರಿಗೆ ಇಂದೇ ಒಂದು ಪತ್ರ ಬರೆದು ಇದನ್ನು ಕೇಳಿ. ಒಪ್ಪಿದರೆ ಮುಂದಿನ ಅರ್ಧ ಕೆಲಸ ನಿಮಗೆ ಉಳಿಯುತ್ತದೆ.

ಜಾಲತಾಣದ ನಿರ್ವಹಣೆ, ವಿಡಿಯೊ ಸಭೆಯ ಖಾತೆ ಮೊದಲಾದವುಗಳಲ್ಲಿ ಈ ಅನುಕೂಲ ಎಲ್ಲ ಕಡೆ ಸಿಗುವುದಿಲ್ಲ. ಅಂಥ ಖಾತೆಗೆ ಇಬ್ಬರು ಅಥವಾ ಮೂವರು ಹೊಣೆಗಾರರನ್ನು ಹೆಸರು ಹಿಡಿದು ಗೊತ್ತುಮಾಡಿ. ಒಬ್ಬರು ಎಂದಿಗೂ ಸಾಲದು. ಐವರು ಎಂದರೆ ಯಾರೂ ಅಲ್ಲ ಎಂದೇ ಅರ್ಥ. ಅವರಲ್ಲಿ ಒಬ್ಬರಾದರೂ ಕಾಯಂ ಕಚೇರಿ ಸಿಬ್ಬಂದಿಯಾಗಿರಲಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಮುಖ್ಯಸ್ಥರು ಬದಲಾಗುತ್ತಾರೆ, ಕಚೇರಿಯವರು ಉಳಿಯುತ್ತಾರೆ.

ಬೀಗಕ್ಕೆ ಮುನ್ನ ಮನೆ ಗುಡಿಸಿ

ಕಳ್ಳ ಈಗಾಗಲೇ ಒಳಗಿದ್ದರೆ ಹೊರಬಾಗಿಲಿಗೆ ಎಷ್ಟು ಬೀಗ ಹಾಕಿದರೂ ಪ್ರಯೋಜನವಿಲ್ಲ. ಮೊದಲು ಪಾಸ್‌ವರ್ಡ್ ಬದಲಿಸಿ. ಖಾತೆಯ ಭದ್ರತೆಯ ಪುಟದಲ್ಲಿ ಎಲ್ಲೆಲ್ಲಿ ಲಾಗಿನ್ ಆಗಿದೆ ಎಂಬ ಪಟ್ಟಿ ಇರುತ್ತದೆ; ಎಲ್ಲ ಸಾಧನಗಳಿಂದಲೂ ಲಾಗೌಟ್ ಮಾಡಿ. ಬಳಿಕ ಇಮೇಲ್ ಸೆಟ್ಟಿಂಗ್ಸ್‌ಗೆ ಹೋಗಿ, ಬಂದ ಪತ್ರಗಳು ತಾವಾಗಿಯೇ ಬೇರೆ ವಿಳಾಸಕ್ಕೆ ಹೋಗುವಂತೆ ಯಾರಾದರೂ ಮಾಡಿಟ್ಟಿದ್ದಾರೆಯೇ ಎಂದು ನೋಡಿ. ಖಾತೆಗೆ ನುಗ್ಗಿದವರು ಸದ್ದಿಲ್ಲದೆ ಮಾಡುವ ಮೊದಲ ಕೆಲಸಗಳಲ್ಲಿ ಇದೂ ಒಂದು, ಪಾಸ್‌ವರ್ಡ್ ಬದಲಿಸಿದರೂ ಅದು ಹಾಗೇ ಉಳಿಯುತ್ತದೆ. ಮರುಪಡೆಯಲು ಕೊಟ್ಟಿರುವ ಫೋನ್ ಸಂಖ್ಯೆ, ಪರ್ಯಾಯ ಇಮೇಲ್ ಯಾರವು ಎಂಬುದನ್ನೂ ನೋಡಿ. ಹಳೆಯ ಮುಖ್ಯಸ್ಥರ ವೈಯಕ್ತಿಕ ವಿಳಾಸವಿದ್ದರೆ ತೆಗೆದುಬಿಡಿ.

ಯಾವ ಬೀಗ?

ಎಸ್ಎಂಎಸ್ ಒಟಿಪಿ ಎಲ್ಲರಿಗೂ ಪರಿಚಿತ, ಏನೂ ಇಲ್ಲದಿರುವುದಕ್ಕಿಂತ ಖಂಡಿತ ಮೇಲು. ಆದರೆ ವಿಭಾಗದ ಖಾತೆಗೆ ಅದನ್ನು ನಾನು ಸೂಚಿಸುವುದಿಲ್ಲ. ಅದು ಒಂದೇ ಸಿಮ್‌ಗೆ ಕಟ್ಟಿಬೀಳುತ್ತದೆ. ಮೊಬೈಲ್ ಕಂಪನಿಯನ್ನು ನಂಬಿಸಿ ನಿಮ್ಮ ಸಂಖ್ಯೆಯ ಬದಲಿ ಸಿಮ್ ಪಡೆದವರಿಗೆ ನಿಮ್ಮ ಒಟಿಪಿಯೂ ಹೋಗುತ್ತದೆ. ಅಮೆರಿಕದ ಮಾನದಂಡಗಳ ಸಂಸ್ಥೆ ಎನ್ಐಎಸ್‌ಟಿ 2017ರ ತನ್ನ ಮಾರ್ಗಸೂಚಿಯಲ್ಲೇ ಇದನ್ನು ನಿರ್ಬಂಧಿತ ವಿಧಾನಗಳ ಸಾಲಿಗೆ ಸೇರಿಸಿತು.

ಫೋನಿನ ಪರದೆಯ ಮೇಲೆ ‘ಒಪ್ಪಿಗೆಯೇ?’ ಎಂದು ಕೇಳುವ ಸೂಚನೆ ಇನ್ನೊಂದು ವಿಧ. ಇದರ ಅಪಾಯ ಮನುಷ್ಯರ ದಣಿವಿನಲ್ಲಿದೆ. 2022ರ ಸೆಪ್ಟೆಂಬರಿನಲ್ಲಿ ಉಬರ್ ಕಂಪನಿಯ ಜಾಲಕ್ಕೆ ನುಗ್ಗಿದವರು ಗುತ್ತಿಗೆ ನೌಕರನೊಬ್ಬನಿಗೆ ಮತ್ತೆ ಮತ್ತೆ ಇಂಥ ಕೋರಿಕೆ ಬರುವಂತೆ ಮಾಡಿದರು. ಕೊನೆಗೆ ಒಮ್ಮೆ ಆತ ಒಪ್ಪಿಗೆ ಒತ್ತಿದ. ಈ ತಂತ್ರಕ್ಕೆ ತಡೆಯಾಗಿ ಮೈಕ್ರೋಸಾಫ್ಟ್ 2023ರ ಮೇ ತಿಂಗಳಿನಿಂದ, ಲಾಗಿನ್ ಪುಟದಲ್ಲಿ ಕಾಣುವ ಸಂಖ್ಯೆಯನ್ನು ಫೋನಿನಲ್ಲಿ ಟೈಪ್ ಮಾಡುವುದನ್ನು ತನ್ನ ಅಥೆಂಟಿಕೇಟರ್‌ನಲ್ಲಿ, ಅಂದರೆ ಲಾಗಿನ್ ದೃಢೀಕರಿಸುವ ಫೋನ್ ಆ್ಯಪ್‌ನಲ್ಲಿ, ಕಡ್ಡಾಯಗೊಳಿಸಿತು. ಹಂಚಿಕೊಂಡ ಖಾತೆಯಲ್ಲಂತೂ ‘ಇನ್ನೊಬ್ಬರು ಲಾಗಿನ್ ಆಗುತ್ತಿರಬಹುದು’ ಎಂದುಕೊಂಡು ಒತ್ತಿಬಿಡುವುದು ತೀರಾ ಸುಲಭ. ನೀವು ಆ ಕ್ಷಣದಲ್ಲಿ ಲಾಗಿನ್ ಆಗುತ್ತಿಲ್ಲವೇ? ಹಾಗಿದ್ದರೆ ನಿರಾಕರಿಸಿ, ಆಮೇಲೆ ಸಹೋದ್ಯೋಗಿಗೆ ಫೋನ್ ಮಾಡಿ ಕೇಳಿ.

ಅಥೆಂಟಿಕೇಟರ್ ಆ್ಯಪ್‌ನಲ್ಲಿ ಮೂಡುವ ಆರು ಅಂಕಿಯ ಕೋಡ್ ಹೆಚ್ಚಿನ ವಿಭಾಗಗಳಿಗೆ ಸರಿಹೊಂದುತ್ತದೆ. ಅದಕ್ಕಿಂತಲೂ ಗಟ್ಟಿ ಬೇಕೆಂದರೆ ಪೆನ್‌ಡ್ರೈವ್‌ನಂತೆ ಕಾಣುವ ಸೆಕ್ಯುರಿಟಿ ಕೀ. ಆರು ಅಂಕಿಯ ಕೋಡನ್ನು ನಕಲಿ ಲಾಗಿನ್ ಪುಟದಲ್ಲಿ ನೀವೇ ಟೈಪ್ ಮಾಡಿಬಿಡುವ ಸಾಧ್ಯತೆಯಿದೆ. ಕೀ ಮಾತ್ರ ಜಾಲತಾಣದ ನಿಜವಾದ ವಿಳಾಸ ಹೊಂದಿಕೆಯಾಗದಿದ್ದರೆ ಉತ್ತರವನ್ನೇ ಕೊಡುವುದಿಲ್ಲ. 2017ರ ಆರಂಭದಲ್ಲಿ ಗೂಗಲ್ ತನ್ನ ನೌಕರರಿಗೆಲ್ಲ ಇಂಥ ಕೀ ಕಡ್ಡಾಯ ಮಾಡಿತು. 85 ಸಾವಿರಕ್ಕೂ ಹೆಚ್ಚು ನೌಕರರಲ್ಲಿ ಒಬ್ಬರ ಕೆಲಸದ ಖಾತೆಯೂ ಆ ಬಳಿಕ ನಕಲಿ ಪುಟಕ್ಕೆ ಬಲಿಯಾಗಿಲ್ಲ ಎಂದು 2018ರಲ್ಲಿ ಹೇಳಿತು. ಪರೀಕ್ಷೆಯ ಕೆಲಸ ನಡೆಯುವ ಖಾತೆಗೆ ಎರಡು ಕೀ ಕೊಳ್ಳಿ: ಒಂದು ಬಳಕೆಗೆ, ಒಂದು ಕಪಾಟಿನಲ್ಲಿ.

ಈಗ ಕೆಲಸ

ಹೊಣೆಗಾರರೆಲ್ಲ ಒಂದೇ ಮೇಜಿನ ಸುತ್ತ, ಫೋನುಗಳೊಂದಿಗೆ ಕುಳಿತುಕೊಳ್ಳಿ. ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಮುಂದೆ ಬರುವ ಕ್ಯೂಆರ್ ಕೋಡ್ ಪರದೆಯ ಮೇಲೆ ಇರುವುದು ಒಂದೇ ಸಲ. ಎಲ್ಲರ ಫೋನಿನಲ್ಲೂ ಅಥೆಂಟಿಕೇಟರ್ ಆ್ಯಪ್ ಮೊದಲೇ ಇರಲಿ. ಗೂಗಲ್, ಮೈಕ್ರೋಸಾಫ್ಟ್, ಡುಯೊ ಯಾವುದಾದರೂ ನಡೆದೀತು. ನಿಮ್ಮ ವಿಶ್ವವಿದ್ಯಾಲಯ ಇಂಥದ್ದೇ ಎಂದು ಹೇಳಿದ್ದರೆ ಅದನ್ನೇ ಹಾಕಿಕೊಳ್ಳಿ. ಫೋನಿಗೆ ಪರದೆ ಬೀಗ ಇಲ್ಲದವರು ಅದನ್ನೂ ಈಗಲೇ ಹಾಕಲಿ.

ಕಂಪ್ಯೂಟರಿನಲ್ಲಿ ಖಾತೆಗೆ ಲಾಗಿನ್ ಆಗಿ ಭದ್ರತೆಯ ಪುಟ ತೆರೆಯಿರಿ. ಗೂಗಲ್‌ನಲ್ಲಿ ‘2-ಸ್ಟೆಪ್ ವೆರಿಫಿಕೇಷನ್’, ಮೈಕ್ರೋಸಾಫ್ಟ್‌ನಲ್ಲಿ ‘ಸೆಕ್ಯುರಿಟಿ ಇನ್ಫೋ’ ಎಂದಿರುತ್ತದೆ. ಹೊಸ ವಿಧಾನ ಸೇರಿಸುವ ಗುಂಡಿ ಒತ್ತಿ, ಅಥೆಂಟಿಕೇಟರ್ ಆ್ಯಪ್ ಆರಿಸಿ. ಕಪ್ಪು ಬಿಳುಪು ಚೌಕಗಳ ಕ್ಯೂಆರ್ ಚಿತ್ರ ಮೂಡುತ್ತದೆ. ಮೊದಲನೆಯವರು ಆ್ಯಪ್‌ನಲ್ಲಿ ಕೂಡಿಸುವ ಗುರುತು ಒತ್ತಿ ಸ್ಕ್ಯಾನ್ ಮಾಡಲಿ. ಅವರ ಫೋನಿನಲ್ಲಿ ವಿಭಾಗದ ಹೆಸರು, ಕೆಳಗೆ ಆರು ಅಂಕಿ, ಪಕ್ಕದಲ್ಲಿ ಕರಗುತ್ತ ಹೋಗುವ ಸಣ್ಣ ವೃತ್ತ ಕಾಣುತ್ತವೆ. ಇಲ್ಲಿ ಅವಸರದಿಂದ ‘ಮುಂದೆ’ ಒತ್ತಬೇಡಿ. ಎರಡನೆಯವರು, ಮೂರನೆಯವರು ಅದೇ ಚಿತ್ರವನ್ನು ಸ್ಕ್ಯಾನ್ ಮಾಡಲಿ. ಬಳಿಕ ಫೋನುಗಳನ್ನು ಸಾಲಾಗಿ ಇಟ್ಟು ನೋಡಿ: ಎಲ್ಲದರಲ್ಲೂ ಅದೇ ಆರು ಅಂಕಿ. ವೃತ್ತ ಮುಗಿದೊಡನೆ ಎಲ್ಲವೂ ಒಟ್ಟಿಗೆ ಬದಲಾಗುತ್ತವೆ. ಆ ಅಂಕಿಯನ್ನು ಕಂಪ್ಯೂಟರಿನಲ್ಲಿ ಟೈಪ್ ಮಾಡಿದರೆ ಕೆಲಸ ಮುಗಿಯಿತು. ಸ್ಕ್ಯಾನ್ ಮಾಡಿದ ಮೊದಲ ಫೋನನ್ನು ಮಾತ್ರ ಒಪ್ಪುವ ವ್ಯವಸ್ಥೆಯೂ ಇದೆ. ಹಾಗಿದ್ದರೆ ಒಬ್ಬೊಬ್ಬರ ಫೋನನ್ನೂ ಪ್ರತ್ಯೇಕ ವಿಧಾನವಾಗಿ ಸೇರಿಸುತ್ತ ಹೋಗಿ.

ಫೋನುಗಳು ಒಂದಕ್ಕೊಂದು ಮಾತಾಡದೆಯೇ ಒಂದೇ ಅಂಕಿ ತೋರಿಸುವುದು ಹೇಗೆ? ಕ್ಯೂಆರ್ ಚಿತ್ರದೊಳಗೆ ಒಂದು ಗುಪ್ತ ಕೀಲಿ ಇದೆ. ಆ್ಯಪ್ ಆ ಕೀಲಿಯನ್ನೂ 1970ರ ಜನವರಿ 1ರಿಂದ ಕಳೆದ ಸೆಕೆಂಡುಗಳನ್ನು 30ರಿಂದ ಭಾಗಿಸಿದ ಸಂಖ್ಯೆಯನ್ನೂ ಬೆರೆಸಿ ಆರು ಅಂಕಿ ತೆಗೆಯುತ್ತದೆ. ಸರ್ವರ್ ಸಹ ತನ್ನ ಕಡೆ ಅದೇ ಲೆಕ್ಕ ಮಾಡುತ್ತದೆ. 2011ರಲ್ಲಿ ಪ್ರಕಟವಾದ ಮುಕ್ತ ಮಾನದಂಡವಿದು. ಇಂಟರ್‌ನೆಟ್ ಬೇಡ, ಸಿಗ್ನಲ್ ಬೇಡ, ಗಡಿಯಾರ ಸರಿಯಿದ್ದರೆ ಸಾಕು. ಕೋಡ್ ಸರಿಯಾಗಿ ಟೈಪ್ ಮಾಡಿದರೂ ತಪ್ಪು ಎಂದು ಬಂದರೆ ಫೋನಿನ ಸಮಯವನ್ನು ‘ಸ್ವಯಂಚಾಲಿತ’ಕ್ಕೆ ಹಾಕಿ ಮತ್ತೆ ಪ್ರಯತ್ನಿಸಿ.

ಇದರಿಂದಲೇ ಇನ್ನೊಂದು ಎಚ್ಚರವೂ ಹುಟ್ಟುತ್ತದೆ. ಆ ಚಿತ್ರವೇ ಕೀಲಿಯಾದ್ದರಿಂದ ಅದರ ಫೋಟೊ ತೆಗೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದರೆ ಗುಂಪಿನಲ್ಲಿರುವ ಎಲ್ಲರಿಗೂ ಶಾಶ್ವತವಾಗಿ ಕೀಲಿಕೈ ಕೊಟ್ಟಂತೆ. ಬಾರದವರಿಗಾಗಿ ಸ್ಕ್ರೀನ್‌ಶಾಟ್ ಕಳಿಸಬೇಡಿ. ಅವರು ಬಂದ ದಿನವೇ ಕುಳಿತುಕೊಳ್ಳಿ.

ಲಕೋಟೆ

ಮುಂದಿನ ಹಂತವನ್ನು ಬಹುತೇಕ ಎಲ್ಲರೂ ‘ಆಮೇಲೆ’ ಎಂದು ಬಿಡುತ್ತಾರೆ. ದಯವಿಟ್ಟು ಮೇಜು ಬಿಟ್ಟು ಏಳುವ ಮೊದಲೇ ಮಾಡಿ. ಫೋನುಗಳು ಕಳೆದುಹೋದಾಗ ಬಳಸಲು ಹಲವು ಸೇವೆಗಳು ಬ್ಯಾಕಪ್ ಕೋಡ್ ಕೊಡುತ್ತವೆ. ಗೂಗಲ್ ಕೊಡುವುದು ಎಂಟು ಅಂಕಿಯ ಹತ್ತು ಕೋಡ್, ಒಂದೊಂದೂ ಒಂದೇ ಬಾರಿಗೆ. ಅವನ್ನು ಕಾಗದದ ಮೇಲೆ ಮುದ್ರಿಸಿ. ಅದೇ ಇಮೇಲ್ ಖಾತೆಯಲ್ಲಿ ಉಳಿಸಿದರೆ ಕೀಲಿಯನ್ನು ಮನೆಯೊಳಗಿಟ್ಟು ಬಾಗಿಲು ಎಳೆದುಕೊಂಡಂತಾಗುತ್ತದೆ. ಕಾಗದವನ್ನು ಲಕೋಟೆಗೆ ಹಾಕಿ, ಅಂಟಿಸಿ, ಅಂಟಿಸಿದ ಗೆರೆಯ ಮೇಲೆ ಹಾದುಹೋಗುವಂತೆ ಇಬ್ಬರು ಸಹಿ ಮಾಡಿ, ದಿನಾಂಕ ಹಾಕಿ. ಪ್ರಶ್ನೆಪತ್ರಿಕೆ ಇಡುವ ಕಪಾಟಿನಲ್ಲೇ ಇಡಿ. ಯಾರಾದರೂ ತೆರೆದಿದ್ದರೆ ಮುರಿದ ಸಹಿ ಹೇಳುತ್ತದೆ.

ಬಳಿಕ ಒಂದು ಪರೀಕ್ಷೆ. ಬೇರೊಂದು ಕಂಪ್ಯೂಟರಿನಿಂದ ಪ್ರತಿಯೊಬ್ಬ ಹೊಣೆಗಾರರೂ ಒಮ್ಮೆ ಲಾಗಿನ್ ಆಗಿ ನೋಡಲಿ. ‘ಈ ಸಾಧನದಲ್ಲಿ ಮತ್ತೆ ಕೇಳಬೇಡ’ ಎಂಬ ಚೌಕಕ್ಕೆ ತರಗತಿ, ಪ್ರಯೋಗಾಲಯ, ಸಭಾಂಗಣದ ಕಂಪ್ಯೂಟರುಗಳಲ್ಲಿ ಗುರುತು ಹಾಕಲೇಬಾರದು.

ಮರುದಿನ ಸ್ಕ್ಯಾನರ್ ಯಂತ್ರ ಇಮೇಲ್ ಕಳಿಸುವುದನ್ನು ನಿಲ್ಲಿಸಿದರೆ ಗಾಬರಿಯಾಗಬೇಡಿ. ವಿಭಾಗದ ಖಾತೆಯ ಪಾಸ್‌ವರ್ಡ್ ಅದರೊಳಗೂ ಇರುತ್ತದೆ. ಆರು ಅಂಕಿ ಟೈಪ್ ಮಾಡಲು ಅದಕ್ಕೆ ಬರುವುದಿಲ್ಲ. ಇಂಥ ಯಂತ್ರಗಳಿಗಾಗಿ ಗೂಗಲ್‌ನಲ್ಲಿ 16 ಅಕ್ಷರದ ಪ್ರತ್ಯೇಕ ಆ್ಯಪ್ ಪಾಸ್‌ವರ್ಡ್ ಮಾಡಿಕೊಳ್ಳಬಹುದು, ಸಂಸ್ಥೆ ಅದಕ್ಕೆ ಅವಕಾಶ ಕೊಟ್ಟಿದ್ದರೆ. ಇಲ್ಲವಾದರೆ ಕಂಪ್ಯೂಟರ್ ಕೇಂದ್ರದವರು ಯಂತ್ರಕ್ಕೇ ಬೇರೆ ವ್ಯವಸ್ಥೆ ಮಾಡಿಕೊಡಬೇಕು. ಎರಡನೇ ಹಂತವನ್ನೇ ತೆಗೆದುಬಿಡೋಣ ಎಂದು ಯಾರಾದರೂ ಹೇಳುವುದು ಇದೇ ಹೊತ್ತಿನಲ್ಲಿ. ಒಪ್ಪಬೇಡಿ.

ಹೊಣೆ ಬದಲಾಗುವ ದಿನ

ಹೊಣೆಗಾರರಲ್ಲಿ ಒಬ್ಬರು ಹೊರಟರೆ ಅವರ ಫೋನಿನಿಂದ ಆ್ಯಪ್ ಅಳಿಸಿದರೆ ಸಾಲದು. ಗುಪ್ತ ಕೀಲಿ ಬೇರೆಲ್ಲೋ ನಕಲಾಗಿ ಉಳಿದಿರಬಹುದು. ಖಾತೆಯ ಪುಟದಲ್ಲಿ ಹಳೆಯ ಅಥೆಂಟಿಕೇಟರ್ ತೆಗೆದುಹಾಕಿ, ಹೊಸ ಕ್ಯೂಆರ್ ಪಡೆದು ಉಳಿದವರೆಲ್ಲ ಮತ್ತೆ ಸ್ಕ್ಯಾನ್ ಮಾಡಬೇಕು. ಪಾಸ್‌ವರ್ಡ್ ಬದಲಾಗಬೇಕು. ಬ್ಯಾಕಪ್ ಕೋಡ್‌ಗಳನ್ನು ಹೊಸದಾಗಿ ಪಡೆದೊಡನೆ ಹಳೆಯವು ತಾವಾಗಿಯೇ ರದ್ದಾಗುತ್ತವೆ. ಅಧಿಕಾರ ಹಸ್ತಾಂತರದ ಪತ್ರದಲ್ಲಿ ಕಪಾಟಿನ ಬೀಗದ ಕೈ, ವಿಭಾಗದ ಮೊಹರು ಎಂದು ಬರೆಯುವ ಸಾಲಿನಲ್ಲೇ ‘ಖಾತೆಯ ಲಕೋಟೆ’ ಎಂದೂ ಸೇರಿಸಿ. ಬರುವವರೂ ಹೋಗುವವರೂ ಅದೇ ಮೇಜಿನ ಎದುರು ಬದುರು ಕುಳಿತು ಹೊಸ ಲಕೋಟೆಯ ಮೇಲೆ ಸಹಿ ಮಾಡಲಿ, ಹಳೆಯದನ್ನು ಅಲ್ಲೇ ಹರಿದು ಹಾಕಲಿ.