ಸರ್ಟ್ ನಂಬರ್ ಸರಿ ಇದ್ದರೆ ಸಾಕಾ?

ಪೋಕೆಮಾನ್ ಆಗಲಿ, ಬೇಸ್‌ಬಾಲ್ ಆಗಲಿ, ಗ್ರೇಡ್ ಆದ ಕಾರ್ಡ್ (ಕಂಪನಿಯೊಂದು ಪರೀಕ್ಷಿಸಿ ಅಂಕ ಕೊಟ್ಟ ಕಾರ್ಡ್) ಕೊಳ್ಳುವವರು ಮೊದಲು ಲೇಬಲ್ ಮೇಲಿನ ಸರ್ಟ್ ನಂಬರ್, ಅಂದರೆ ಸರ್ಟಿಫಿಕೇಟ್ ನಂಬರ್, ಹಾಕಿ ನೋಡುತ್ತಾರೆ. ಪಿಎಸ್‌ಎ, ಬೆಕೆಟ್, ಸಿಜಿಸಿ ಎಂಬ ಗ್ರೇಡಿಂಗ್ ಕಂಪನಿಗಳ ವೆಬ್‌ಸೈಟುಗಳಲ್ಲಿ ಇದಕ್ಕೆ ದುಡ್ಡೇನೂ ಇಲ್ಲ. ನೋಡಲೇಬೇಕು. ಆದರೆ ಅಷ್ಟಕ್ಕೇ ನಿಲ್ಲಿಸಬೇಡಿ, ಯಾಕಂದರೆ ನಕಲಿ ಸ್ಲ್ಯಾಬ್ (ಗ್ರೇಡ್ ಆದ ಕಾರ್ಡನ್ನು ಮುಚ್ಚಿಡುವ ಪ್ಲಾಸ್ಟಿಕ್ ಡಬ್ಬಿ) ಮಾಡುವವರು ನಂಬರನ್ನು ಸುಮ್ನೆ ಹುಟ್ಟಿಸುವುದಿಲ್ಲ, ಇಬೇನಲ್ಲಿ ಯಾರೋ ಮಾರಲು ಇಟ್ಟ ಅಸಲಿ ಕಾರ್ಡಿನ ಫೋಟೊದಿಂದ ನಂಬರ್ ಎತ್ತಿಕೊಂಡು ಅದನ್ನೇ ಲೇಬಲ್ ಮೇಲೆ ಅಚ್ಚು ಹಾಕುತ್ತಾರೆ. ನೀವು ಹುಡುಕಿದರೆ ಎಲ್ಲ ಸರಿಯಾಗೇ ಕಾಣುತ್ತದೆ. ಲೇಬಲ್ ಮೇಲಿನ ಕ್ಯೂಆರ್ ಕೋಡನ್ನೂ ನಂಬಬೇಡಿ, ಅದು ನಕಲಿ ಸೈಟಿಗೂ ಕರೆದೊಯ್ಯಬಹುದು. ವಿಳಾಸ ನೀವೇ ಟೈಪ್ ಮಾಡಿ.

ಹಾಗಾಗಿ ನಂಬರಿಗಿಂತ ಕಾರ್ಡನ್ನೇ ನೋಡಿ. ಉದಾಹರಣೆಗೆ ಪೋಕೆಮಾನ್‌ನ 1999ರ ಬೇಸ್ ಸೆಟ್ ಎಂಬ ಸರಣಿಯ ಚಾರಿಝಾರ್ಡ್ ಕಾರ್ಡ್ ತೆಗೆದುಕೊಳ್ಳಿ. ಸುತ್ತಲಿನ ಹಳದಿ ಅಂಚು ಎಡಕ್ಕೆ ಎಷ್ಟು ದಪ್ಪ, ಬಲಕ್ಕೆ ಎಷ್ಟು? ಹೊಳೆಯುವ ಭಾಗದಲ್ಲಿ ನಕ್ಷತ್ರಗಳು ಎಲ್ಲೆಲ್ಲಿ ಬಿದ್ದಿವೆ? ಹಿಂದಿನ ನೀಲಿ ಅಂಚಿನ ಮೂಲೆಯಲ್ಲಿ ಬಿಳಿ ಚುಕ್ಕೆ ಇದೆಯಾ? ಇವು ಒಂದು ಕಾರ್ಡಿನಲ್ಲಿ ಇದ್ದ ಹಾಗೆ ಇನ್ನೊಂದರಲ್ಲಿ ಇರಲ್ಲ. ಎಷ್ಟೋ ಕಾರ್ಡುಗಳ ಸ್ಕ್ಯಾನ್ ಪಿಎಸ್‌ಎ ಸೈಟಿನಲ್ಲೇ ಸಿಗುತ್ತದೆ, ಪಕ್ಕಪಕ್ಕ ಇಟ್ಟು ನೋಡಿ. ಸ್ಕ್ಯಾನ್ ಇಲ್ಲದಿದ್ದರೆ ಅದೇ ನಂಬರನ್ನು ಗೂಗಲ್‌ಗೆ ಹಾಕಿದರೆ ಹಳೇ ಹರಾಜಿನ ಫೋಟೊ ಸಿಕ್ಕರೂ ಸಿಗಬಹುದು.

ಇನ್ನೊಂದು ಆಟ ಇದೆ. ಅಸಲಿ ಸ್ಲ್ಯಾಬನ್ನೇ ಮೆಲ್ಲಗೆ ಬಿಡಿಸಿ, ಒಳಗೆ ಕಳಪೆ ಕಾರ್ಡ್ ಇಟ್ಟು ಅಂಟಿಸುವುದು. ಬಿಚ್ಚಿದ ಸ್ಲ್ಯಾಬಿನ ಅಂಚು ಸಾಮಾನ್ಯವಾಗಿ ಮಸುಕಾಗಿ ಬೆಳ್ಳಗಾಗಿರುತ್ತದೆ. ನಾಲ್ಕೂ ಬದಿಯ ಫೋಟೊ ಕೇಳಿ, ಪಕ್ಕದಲ್ಲಿ ನಿಮ್ಮ ಹೆಸರು, ಇವತ್ತಿನ ತಾರೀಖು ಬರೆದ ಚೀಟಿ ಇಡಲು ಹೇಳಿ. ಕಾರ್ಡ್ ಕೈಯಲ್ಲಿರುವವನಿಗೆ ಇದು ಎರಡು ನಿಮಿಷದ ಕೆಲಸ, ಅದಕ್ಕೂ ಸಬೂಬು ಹೇಳಿದರೆ ಬಿಟ್ಟುಬಿಡಿ.

ಅಂದಹಾಗೆ ಗ್ರೇಡ್ ಕೂಡ ದೇವರ ವಾಕ್ಯವೇನಲ್ಲ. 1991ರಲ್ಲಿ ಪಿಎಸ್‌ಎ ಮೊಟ್ಟಮೊದಲು ಗ್ರೇಡ್ ಮಾಡಿ ಹತ್ತಕ್ಕೆ 8 ಕೊಟ್ಟ, ಬೇಸ್‌ಬಾಲ್ ಆಟಗಾರ ಹೋನಸ್ ವ್ಯಾಗ್ನರ್ ಕಾರ್ಡಿನ ಅಂಚನ್ನು ಚೆನ್ನಾಗಿ ಕಾಣಲೆಂದು ತಾನೇ ಕತ್ತರಿಸಿದ್ದೆ ಅಂತ ಹರಾಜು ನಡೆಸುತ್ತಿದ್ದ ಬಿಲ್ ಮಾಸ್ಟ್ರೊ 2013ರಲ್ಲಿ ಒಪ್ಪಿಕೊಂಡ.

ಬೆಲೆ ನೋಡುವಾಗ ಕೇಳಿದ ಬೆಲೆಯನ್ನಲ್ಲ, ಮಾರಾಟವಾದ ಬೆಲೆಯನ್ನು ನೋಡಿ. ಅರ್ಧಕ್ಕೇ ಕೊಡ್ತೀನಿ ಅಂದರೆ ಏನೋ ಇದೆ, ಅಲ್ವಾ? ಪೇಪಾಲ್‌ನಲ್ಲಿ ಫ್ರೆಂಡ್ಸ್ ಅಂಡ್ ಫ್ಯಾಮಿಲಿ ಮೂಲಕ ಕಳಿಸು ಅಂದರೆ ಬೇಡವೇ ಬೇಡ, ಖರೀದಿದಾರನಿಗೆ ಸಿಗುವ ರಕ್ಷಣೆ ಅದರಲ್ಲಿ ಇಲ್ಲ. ನಮ್ಮ ಕಡೆ ಇನ್‌ಸ್ಟಾಗ್ರಾಮ್‌ನಲ್ಲಿ ಕೊಂಡು ಯುಪಿಐ ಮಾಡಿದರೂ ಅದೇ ಕಥೆ. ಅಮೆರಿಕದಲ್ಲಿರುವವರು ದುಬಾರಿ ಕಾರ್ಡಿಗೆ ಇಬೇಯ ಅಥೆಂಟಿಸಿಟಿ ಗ್ಯಾರಂಟಿ ಇರುವ ಲಿಸ್ಟಿಂಗನ್ನೇ ಆರಿಸಿ, ಕಾರ್ಡ್ ನಿಮ್ಮ ಮನೆಗೆ ಬರುವ ಮೊದಲು ಪರೀಕ್ಷೆ ಆಗಿರುತ್ತದೆ.

ಪಾರ್ಸೆಲ್ ಬಂದಾಗ ವಿಳಾಸದ ಚೀಟಿಯಿಂದ ಹಿಡಿದು ಸ್ಲ್ಯಾಬ್ ಹೊರಬರುವ ತನಕ ಒಂದೇ ವಿಡಿಯೊ ಮಾಡಿ, ಮಧ್ಯೆ ನಿಲ್ಲಿಸಬೇಡಿ. ಅನುಮಾನ ಬಂದರೆ ಅವತ್ತೇ ದೂರು ಹಾಕಿ. ಕಾರ್ಡ್ ಮುಟ್ಟಿ ನೋಡೋಣ ಅಂತ ಸ್ಲ್ಯಾಬನ್ನು ಮಾತ್ರ ಒಡೆಯಬೇಡಿ, ಆಮೇಲೆ ಅದನ್ನು ವಾಪಸ್ ತಗೊಳ್ಳುವವರು ಯಾರೂ ಇರುವುದಿಲ್ಲ.