ಹೆಡರ್ ಫೈಲ್ ಸಿಗದೆ ಕಂಪೈಲರ್ ನಿಂತಾಗ

ಲಿನಕ್ಸ್‌ಗಾಗಿ ಬರೆದ ಮುಕ್ತ ತಂತ್ರಾಂಶವನ್ನು ವಿಂಡೋಸ್‌ನಲ್ಲಿ ಕಂಪೈಲ್ ಮಾಡಲು, ಅಂದರೆ ಮೂಲ ಕೋಡನ್ನು ಯಂತ್ರದ ಭಾಷೆಗೆ ಬದಲಿಸಲು, ಹೊರಟವರನ್ನು ಸಾಮಾನ್ಯವಾಗಿ ಮೊದಲು ತಡೆಯುವುದು ‘ಇಂಥ ಹೆಡರ್ ಫೈಲ್ ಸಿಗಲಿಲ್ಲ’ ಎಂಬ ದೋಷ. ಮೈಕ್ರೋಸಾಫ್ಟ್‌ನ ಪ್ರೋಗ್ರಾಮಿಂಗ್ ತಂತ್ರಾಂಶವಾದ ವಿಷುವಲ್ ಸ್ಟುಡಿಯೋ ಇದನ್ನು ಸಿ1083 ಎಂದು ತೋರಿಸುತ್ತದೆ. ಅದರ ಕೆಳಗೆ ಬೇರೆ ದೋಷಗಳು ಸಾಲುಗಟ್ಟಿ ನಿಂತಿದ್ದರೂ ಮೇಲಕ್ಕೆ ಹೋಗಿ ಮೊದಲನೆಯದನ್ನೇ ಓದಿ, ಫೈಲಿನ ಹೆಸರನ್ನು ಗುರುತು ಹಾಕಿಕೊಳ್ಳಿ.

ಆ ಹೆಸರನ್ನು ಅಂತರ್ಜಾಲದಲ್ಲಿ ಹುಡುಕಿ, ಅದೊಂದೇ ಫೈಲನ್ನು ಇಳಿಸಿಕೊಂಡು ಫೋಲ್ಡರಿಗೆ ಹಾಕುವ ಆಸೆ ಹುಟ್ಟುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಬಹುಪಾಲು ಸಿ ಲೈಬ್ರರಿಗಳ (ಸಿ ಭಾಷೆಯ ಸಿದ್ಧ ಕೋಡಿನ ಸಂಗ್ರಹಗಳ) ಹೆಡರ್‌ನಲ್ಲಿ ಇರುವುದು ಫಂಕ್ಷನ್‌ಗಳ ಘೋಷಣೆ ಮಾತ್ರ. ಕೆಲಸ ಮಾಡುವ ಕೋಡ್ ಲೈಬ್ರರಿಯಲ್ಲಿರುವುದರಿಂದ, ಕಂಪೈಲ್ ಮುಗಿದರೂ ಲಿಂಕ್ ಮಾಡುವಾಗ (ಲೈಬ್ರರಿಯ ಕೋಡನ್ನು ಪ್ರೋಗ್ರಾಮಿಗೆ ಜೋಡಿಸುವಾಗ) ಎಲ್‌ಎನ್‌ಕೆ2019 ಎಂಬ ಇನ್ನೊಂದು ದೋಷ ಕಾದಿರುತ್ತದೆ. ಹೆಡರ್ ಒಂದು ಆವೃತ್ತಿಯದು, ಲೈಬ್ರರಿ ಇನ್ನೊಂದರದು ಆದರಂತೂ ಪ್ರೋಗ್ರಾಂ ಓಡುತ್ತಿರುವಾಗಲೇ ಕುಸಿಯಬಹುದು, ಆಗ ಕಾರಣ ಹುಡುಕುವುದು ಬಹಳ ಕಷ್ಟ.

ಆದ್ದರಿಂದ ಆ ಹೆಡರ್ ಯಾರದು ಎಂಬುದನ್ನು ಮೊದಲು ತಿಳಿಯಬೇಕು. ಕಾನ್ಫಿಗ್.ಎಚ್ ಇಲ್ಲವೆಂದರೆ ಅದು ಸಾಮಾನ್ಯವಾಗಿ ಬಿಲ್ಡ್ ಸಮಯದಲ್ಲೇ ತಯಾರಾಗುವ ಫೈಲ್. ನೀವು ಬಿಲ್ಡ್‌ಗೆ ಸಿದ್ಧತೆ ಮಾಡುವ ಕಾನ್ಫಿಗರ್ ಸ್ಕ್ರಿಪ್ಟ್ ಅಥವಾ ಸಿಮೇಕ್ ಸಾಧನವನ್ನು ಓಡಿಸುವ ಹಂತವನ್ನು ಬಿಟ್ಟಿದ್ದೀರಿ.

ವಿಂಡೋಸ್.ಎಚ್ ಅಥವಾ ಎಸ್‌ಟಿಡಿಐಒ.ಎಚ್ ಸಿಗದಿದ್ದರೆ ವಿಂಡೋಸ್ ಎಸ್‌ಡಿಕೆ (ವಿಂಡೋಸ್‌ಗೆ ಪ್ರೋಗ್ರಾಂ ಬರೆಯಲು ಬೇಕಾದ ಫೈಲುಗಳ ಕಟ್ಟು) ಇದೆಯೇ ನೋಡಿ. ವಿಷುವಲ್ ಸ್ಟುಡಿಯೋ 2015ರಿಂದ ಸಿ ಭಾಷೆಯ ಈ ಮೂಲ ಹೆಡರ್‌ಗಳೂ ಎಸ್‌ಡಿಕೆ ಜೊತೆಗೇ ಬರುತ್ತವೆ. ಎಸ್‌ಡಿಕೆ ಇದ್ದೂ ದೋಷ ಬಂದರೆ ಸಾಧಾರಣ ಕಮಾಂಡ್ ಪ್ರಾಂಪ್ಟ್ ಮುಚ್ಚಿ, ಸ್ಟಾರ್ಟ್ ಮೆನುವಿನಿಂದ ಡೆವಲಪರ್ ಕಮಾಂಡ್ ಪ್ರಾಂಪ್ಟ್ ತೆರೆಯಿರಿ. ಹೆಡರ್‌ಗಳ ದಾರಿ ಹೇಳುವ ‘ಇನ್‌ಕ್ಲೂಡ್’ ವೇರಿಯಬಲ್ ಅಲ್ಲಿ ತಾನಾಗಿಯೇ ಸಿದ್ಧವಾಗಿರುತ್ತದೆ.

ಹೆಚ್ಚು ಗೊಂದಲವಾಗುವುದು ಝಡ್‌ಲಿಬ್.ಎಚ್‌ನಂಥ ಹೊರಗಿನ ಲೈಬ್ರರಿಗಳ ವಿಷಯದಲ್ಲಿ. ವಿಷುವಲ್ ಸ್ಟುಡಿಯೋ ಬಳಸುವವರು ಲೈಬ್ರರಿಗಳನ್ನು ತಂದುಕೊಡುವ ವಿಸಿಪಿಕೆಜಿ ಸಾಧನದ ಮೂಲಕ ಲೈಬ್ರರಿಯನ್ನು ಹಾಕಿಕೊಂಡು, ವಿಸಿಪಿಕೆಜಿಯ ಟೂಲ್‌ಚೈನ್ ಫೈಲ್ (ಲೈಬ್ರರಿಗಳನ್ನು ಹುಡುಕಲು ಸಿಮೇಕ್‌ಗೆ ದಾರಿ ತೋರುವ ಫೈಲ್) ಎಲ್ಲಿದೆ ಎಂದು ಸಿಮೇಕ್‌ಗೆ ತಿಳಿಸಬೇಕು. ಹಳೆಯ ಬಿಲ್ಡ್ ಫೋಲ್ಡರಿನ ಕ್ಯಾಶ್ ಉಳಿದಿದ್ದರೆ ಈ ಬದಲಾವಣೆ ಸಿಮೇಕ್‌ಗೆ ತಾಕದೇ ಹೋಗುವುದರಿಂದ ಆ ಫೋಲ್ಡರನ್ನು ಅಳಿಸಿ ಹೊಸದಾಗಿ ಆರಂಭಿಸಿ. ವಿಂಡೋಸ್‌ನಲ್ಲಿ ಯುನಿಕ್ಸ್ ಮಾದರಿಯ ಸಾಧನಗಳನ್ನು ಒದಗಿಸುವ ಎಂಸಿಸ್2 ಬಳಸುವವರು ತಮ್ಮ ಟರ್ಮಿನಲ್ಲಿನ ಪ್ರಾಂಪ್ಟನ್ನು ಗಮನಿಸಬೇಕು: ಅಲ್ಲಿ ‘ಯುಸಿಆರ್‌ಟಿ64’ ಎಂದಿದ್ದರೆ ಹೆಸರಿನಲ್ಲಿ ‘ಯುಸಿಆರ್‌ಟಿ’ ಇರುವ ಪ್ಯಾಕೇಜನ್ನೇ ಅದರ ಪ್ಯಾಕೇಜ್ ಸಾಧನವಾದ ಪ್ಯಾಕ್‌ಮ್ಯಾನ್‌ನಿಂದ ಹಾಕಿಕೊಳ್ಳಬೇಕು. ಬೇರೆ ಪರಿಸರದ ಪ್ಯಾಕೇಜು ಬೇರೆ ಫೋಲ್ಡರಿಗೆ ಹೋಗುತ್ತದೆ. ಹೆಡರ್ ಡಿಸ್ಕಿನಲ್ಲಿದ್ದರೂ ಕಂಪೈಲರ್ ಅದನ್ನು ಕಾಣದು.

ಯುನಿಎಸ್‌ಟಿಡಿ.ಎಚ್ ಮಾತ್ರ ಬೇರೆ ಜಾತಿಯದು. ಅದು ಯುನಿಕ್ಸ್ ಪರಂಪರೆಯ ಹೆಡರ್, ಮೈಕ್ರೋಸಾಫ್ಟ್ ಕಂಪೈಲರ್‌ನೊಂದಿಗೆ ಬರುವುದೇ ಇಲ್ಲ. ಎಂಸಿಸ್2ರ ಮಿನ್‌ಜಿಡಬ್ಲ್ಯು ಕಂಪೈಲರ್‌ಗಳಲ್ಲಿ ಅದು ಸಿಗುತ್ತದೆ, ಆದರೆ ನೆಟ್‌ವರ್ಕ್ ಸಂಪರ್ಕಕ್ಕೆ ಬೇಕಾದ ಸಿಸ್/ಸಾಕೆಟ್.ಎಚ್ ಅವುಗಳಲ್ಲೂ ಇಲ್ಲ. ಅಂಥಲ್ಲಿ ಕೋಡನ್ನೇ ತಿದ್ದಿ, ಅದೇ ಕೆಲಸದ ವಿಂಡೋಸ್ ಹೆಡರ್ ಆದ ವಿನ್‌ಸಾಕ್2.ಎಚ್ ಅನ್ನು ವಿಂಡೋಸ್.ಎಚ್‌ಗಿಂತ ಮೊದಲು ಸೇರಿಸಬೇಕು, ಲಿಂಕ್ ಮಾಡುವಾಗ ಡಬ್ಲ್ಯುಎಸ್2_32 ಲೈಬ್ರರಿಯನ್ನೂ ಕೊಡಬೇಕು.